ಹಳಿ ಹಾಕುವ ಮೊದಲು ನಿಲ್ದಾಣದ ಸುತ್ತಲಿನ ನೆಲವನ್ನು ನೋಡಿ

ಸಂಪಾದಕರಿಗೆ,

ಮಾನ್ಯರೇ,

ಮಹಾನಗರಗಳ ಬೆಳವಣಿಗೆ ಮತ್ತು ಉಪನಗರ ರೈಲಿನ ಬಗ್ಗೆ ಚರ್ಚೆ ಎದ್ದಾಗಲೆಲ್ಲ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ನಗರ ಈಗಾಗಲೇ ನಾಲ್ಕು ದಿಕ್ಕಿಗೂ ಹರಡಿಬಿಟ್ಟಿದೆ, ಜನ ಇಷ್ಟು ವಿರಳವಾಗಿ ನೆಲೆಸಿರುವಾಗ ರೈಲು ಓಡಿಸಿದರೆ ಹತ್ತುವವರು ಯಾರು, ಅದರ ಬದಲು ರಸ್ತೆಗಳನ್ನೇ ಅಗಲ ಮಾಡೋಣ ಎಂಬುದು ಆ ಮಾತು. ಇದನ್ನು ಒಪ್ಪದವರು ನಗರದ ಮೂಲೆ ಮೂಲೆಯಲ್ಲೂ ಎತ್ತರದ ಕಟ್ಟಡಗಳಿಗೆ ಅನುಮತಿ ಕೊಟ್ಟುಬಿಡಿ, ಸಾಂದ್ರತೆ ಹೆಚ್ಚಿದರೆ ರೈಲಿಗೆ ಜನ ತಾವಾಗಿಯೇ ಬರುತ್ತಾರೆ ಎನ್ನುತ್ತಾರೆ. ಎದುರುಬದುರು ನಿಂತಿರುವ ಈ ಎರಡು ವಾದಗಳಲ್ಲೂ ಒಂದೇ ತಪ್ಪು ಇದೆಯೆಂದು ನನಗೆ ತೋರುತ್ತದೆ. ಇಬ್ಬರೂ ಲೆಕ್ಕ ಹಾಕುವುದು ಇಡೀ ನಗರದ ಸರಾಸರಿ ಸಾಂದ್ರತೆಯನ್ನು; ಆ ಜನ ನಿಲ್ದಾಣದಿಂದ ಎಷ್ಟು ದೂರದಲ್ಲಿದ್ದಾರೆ ಎಂಬುದನ್ನಲ್ಲ. ನಾನು ನಗರ ಯೋಜನೆಯನ್ನು ಓದಿದವನಲ್ಲ. ಕೆಲಸಕ್ಕಾಗಿ ಹಲವು ವರ್ಷ ದಿನಕ್ಕೆ ಎರಡು ಸಲ ಉಪನಗರ ರೈಲಿನಲ್ಲಿ ಓಡಾಡಿದವನಾಗಿ, ಆ ಕುತೂಹಲದಿಂದಲೇ ಈ ವಿಷಯವನ್ನು ಬೆನ್ನು ಹತ್ತಿ ಓದಿಕೊಂಡವನಾಗಿ ಈ ಪತ್ರ ಬರೆಯುತ್ತಿದ್ದೇನೆ.

ಹರಡಿಕೊಂಡ ನಗರ ಎಂದಕೂಡಲೇ ಎಲ್ಲರಿಗೂ ನೆನಪಾಗುವುದು ಲಾಸ್ ಏಂಜಲೀಸ್. ಒತ್ತಾಗಿ ಕಟ್ಟಿದ ನಗರ ಎಂದರೆ ನ್ಯೂಯಾರ್ಕ್. ಆದರೆ ಅಮೆರಿಕದ 2010ರ ಜನಗಣತಿಯ ಪ್ರಕಾರ ಹೊರವಲಯಗಳನ್ನೂ ಸೇರಿಸಿ ಲೆಕ್ಕ ಹಾಕಿದಾಗ ಲಾಸ್ ಏಂಜಲೀಸ್ ನಗರ ಪ್ರದೇಶದಲ್ಲಿ ಚದರ ಕಿಲೋಮೀಟರಿಗೆ ಸುಮಾರು 2,700 ಜನ ಇದ್ದರು, ನ್ಯೂಯಾರ್ಕ್ ನಗರ ಪ್ರದೇಶದಲ್ಲಿ ಸುಮಾರು 2,050 ಮಾತ್ರ. ಸರಾಸರಿಯೇ ಎಲ್ಲವನ್ನೂ ತೀರ್ಮಾನಿಸುವುದಾಗಿದ್ದರೆ ಲಾಸ್ ಏಂಜಲೀಸ್‌ನ ಜನರೇ ಹೆಚ್ಚು ರೈಲು ಹತ್ತಬೇಕಿತ್ತು. ವಾಸ್ತವ ಅದಕ್ಕೆ ತೀರ ವಿರುದ್ಧ. ನ್ಯೂಯಾರ್ಕಿನ ಹೊರವಲಯದಲ್ಲಿ ಮನೆಗಳು ದೂರದೂರ ಇದ್ದರೂ ಹಳೆಯ ಊರುಗಳು ನಿಲ್ದಾಣಗಳ ಸುತ್ತ ಬೆಳೆದಿವೆ, ಹಳಿಗಳು ಹೋಗಿ ಸೇರುವ ಮ್ಯಾನ್‌ಹಟನ್‌ನಲ್ಲಿ ಕೆಲಸಗಳು ಕಿಕ್ಕಿರಿದಿವೆ. ಲಾಸ್ ಏಂಜಲೀಸ್‌ನಲ್ಲಿ ಮನೆಗಳೂ ಕಚೇರಿಗಳೂ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಸಮನಾಗಿ ಹರಡಿಕೊಂಡಿವೆ. ಹೀಗೆ ಸಮನಾಗಿ ಹರಡಿದ ದಟ್ಟ ನಗರಕ್ಕೆ ರಸ್ತೆಯೂ ಸಾಲದು, ರೈಲೂ ಸುಲಭವಾಗಿ ಒದಗದು.

ಅಲ್ಲಿ ಹಿಂದೆ ರೈಲು ಇರಲಿಲ್ಲವೆಂದಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಉದ್ಯಮಿ ಹೆನ್ರಿ ಹಂಟಿಂಗ್ಟನ್ ಕಟ್ಟಿದ ಪೆಸಿಫಿಕ್ ಎಲೆಕ್ಟ್ರಿಕ್ ಸಂಸ್ಥೆಯ ಜಾಲದಲ್ಲಿ 1,600 ಕಿಲೋಮೀಟರಿಗೂ ಹೆಚ್ಚು ಹಳಿ ಇತ್ತು. ಬಯಲಿಗೆ ಹಳಿ ಹಾಕಿ, ಅದರ ಪಕ್ಕದ ಜಮೀನನ್ನು ನಿವೇಶನಗಳಾಗಿ ಮಾರುವುದು ಹಂಟಿಂಗ್ಟನ್ನರ ವ್ಯವಹಾರದ ತಿರುಳಾಗಿತ್ತು. ನಿವೇಶನಗಳು ಮಾರಾಟವಾಗಿ ಮುಗಿದ ಮೇಲೆ ಟಿಕೆಟ್ಟಿನ ಹಣದಿಂದ ಮಾತ್ರ ರೈಲು ಉಳಿಯಲಿಲ್ಲ. ಕಾರುಗಳ ಜೊತೆ ಒಂದೇ ರಸ್ತೆಯಲ್ಲಿ ಸಿಕ್ಕಿಕೊಂಡು ವೇಗ ಕಳೆದುಕೊಂಡಿತು, 1961ರಲ್ಲಿ ಕೊನೆಯ ಮಾರ್ಗವೂ ನಿಂತಿತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಜಪಾನಿನ ಒಸಾಕಾ ಬಳಿ ಕೊಬಯಾಶಿ ಇಚಿಝೊ ಅವರು ಇದೇ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡಿದರು. ಇಂದು ಹಾಂಕ್ಯೂ ಎಂದು ಹೆಸರಾಗಿರುವ ಅವರ ರೈಲು 1910ರಲ್ಲಿ ಶುರುವಾಯಿತು. ಮಾರ್ಗದುದ್ದಕ್ಕೂ ಮನೆ ಕಟ್ಟಿ ಕಂತಿನ ಮೇಲೆ ಮಾರಿದರು, ಮಾರ್ಗದ ಹೊರತುದಿಯ ತಕರಜುಕದಲ್ಲಿ ವಿಹಾರ ತಾಣ ಮತ್ತು ರಂಗಮಂದಿರ ಬೆಳೆಸಿದರು, ಪೇಟೆಯ ತುದಿಯ ಉಮೇದಾ ನಿಲ್ದಾಣದಲ್ಲಿ 1929ರಲ್ಲಿ ದೊಡ್ಡ ಮಳಿಗೆ ತೆರೆದರು. ಬೆಳಿಗ್ಗೆ ಪೇಟೆಯ ಕಡೆಗೆ ತುಂಬಿ ಹೋಗುವ ರೈಲಿಗೆ ಹಿಂತಿರುಗುವಾಗಲೂ, ರಜೆಯ ದಿನವೂ ಜನ ಸಿಕ್ಕರು. ಮುಖ್ಯವಾಗಿ, ನೆಲದಿಂದ ಬಂದ ಆದಾಯ ರೈಲು ನಡೆಸುವವರ ಕೈಯಲ್ಲೇ ಉಳಿಯಿತು. ಎರಡೂ ಕಡೆ ಹಳಿಯೂ ಇತ್ತು, ನಿವೇಶನವೂ ಇತ್ತು. ನೆಲಕ್ಕೂ ರೈಲಿಗೂ ಇದ್ದ ನಂಟು ಒಂದು ಕಡೆ ಮಾರಾಟದೊಂದಿಗೆ ಮುಗಿಯಿತು, ಇನ್ನೊಂದು ಕಡೆ ಮುಗಿಯಲಿಲ್ಲ.

ಸರ್ಕಾರವೇ ಈ ನಂಟನ್ನು ಬೆಸೆದ ಉದಾಹರಣೆಗಳೂ ಇವೆ. ಡೆನ್ಮಾರ್ಕಿನ ಕೋಪನ್‌ಹೇಗನ್ನಿಗಾಗಿ 1947ರಲ್ಲಿ ಸಿದ್ಧವಾದ ಯೋಜನೆಯನ್ನು ಇಂದಿಗೂ ‘ಬೆರಳುಗಳ ಯೋಜನೆ’ ಎಂದು ಕರೆಯುತ್ತಾರೆ. ಹಳೆಯ ನಗರ ಅಂಗೈ. ಅದರಿಂದ ಹೊರಡುವ ಐದು ಉಪನಗರ ರೈಲು ಮಾರ್ಗಗಳು ಬೆರಳುಗಳು. ಹೊಸ ಬಡಾವಣೆಗಳು ಬೆರಳುಗಳ ಮೇಲೆ ಬರಬೇಕು, ಬೆರಳುಗಳ ನಡುವಿನ ಹೊಲ, ಕಾಡು, ಬಯಲು ಹಾಗೆಯೇ ಉಳಿಯಬೇಕು. ದೊಡ್ಡ ಕಚೇರಿಗಳು, ಎಂದರೆ 1,500 ಚದರ ಮೀಟರಿಗಿಂತ ಹೆಚ್ಚು ವಿಸ್ತೀರ್ಣದವು, ಸಾಮಾನ್ಯವಾಗಿ ನಿಲ್ದಾಣದಿಂದ 600 ಮೀಟರಿನ ಒಳಗೇ ಇರಬೇಕೆಂಬ ನಿಯಮವೂ ಮುಂದೆ ಸೇರಿಕೊಂಡಿತು. ಈ ನಿಯಮವನ್ನು ನಾನು ಬಹಳ ಮೆಚ್ಚುತ್ತೇನೆ. ನಮ್ಮ ಚರ್ಚೆಯೆಲ್ಲ ಮನೆಗಳ ಸುತ್ತಲೇ ಸುತ್ತುತ್ತದೆ. ಆದರೆ ಮನೆಯಿಂದ ನಿಲ್ದಾಣಕ್ಕೆ ಸೈಕಲ್, ಬಸ್ ಎಂದು ಏನಾದರೂ ದಾರಿ ಹುಡುಕಿಕೊಳ್ಳಬಹುದು, ರೈಲಿಳಿದ ಮೇಲೆ ಕಚೇರಿ ಐದು ಕಿಲೋಮೀಟರ್ ಆಚೆ ಹೆದ್ದಾರಿ ಬದಿಯಲ್ಲಿದ್ದರೆ ಅಲ್ಲಿಗೆ ಹೋಗಲು ನಮ್ಮ ವಾಹನ ನಮ್ಮ ಜೊತೆಗಿರುವುದಿಲ್ಲ.

ಒಂದು ಸರಳ ಲೆಕ್ಕವನ್ನು ಓದುಗರ ಮುಂದಿಡುತ್ತೇನೆ. ಸಾಮಾನ್ಯರು ಹತ್ತು ನಿಮಿಷದಲ್ಲಿ 800 ಮೀಟರ್ ನಡೆಯುತ್ತಾರೆ. ನಿಲ್ದಾಣವನ್ನು ನಡುವೆ ಇಟ್ಟು ಅಷ್ಟು ದೂರಕ್ಕೆ ವೃತ್ತ ಎಳೆದರೆ ಅದರೊಳಗೆ ಸುಮಾರು 200 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ 500 ಎಕರೆ ನೆಲ ಸಿಗುತ್ತದೆ. ಹೆಕ್ಟೇರಿಗೆ 25 ಜನರಂತೆ ಬಿಡಿಬಿಡಿ ಮನೆಗಳಿದ್ದರೆ ಆ ವೃತ್ತದಲ್ಲಿ 5,000 ಜನ ಇರುತ್ತಾರೆ. ಹೆಕ್ಟೇರಿಗೆ 100 ಜನರಂತೆ ಆದರೆ 20,000 ಜನ. ಹೆಕ್ಟೇರಿಗೆ 100 ಜನ ಎಂದರೆ ಮೋಡ ಮುಟ್ಟುವ ಗೋಪುರಗಳು ಬೇಕಿಲ್ಲ, ಮೂರು ನಾಲ್ಕು ಮಹಡಿಯ ಮನೆಗಳು, ನಡುವೆ ಶಾಲೆ, ಉದ್ಯಾನ, ಅಂಗಡಿ ಸಾಲು ಇದ್ದರೂ ಆ ಸಂಖ್ಯೆ ತಲುಪುತ್ತದೆ. ಇನ್ನು ಒಂದು ನಗರಕ್ಕೆ ಹತ್ತು ಲಕ್ಷ ಜನ ಹೊಸದಾಗಿ ಸೇರುತ್ತಾರೆ ಎಂದುಕೊಳ್ಳಿ. ಇಂಥ 50 ನಿಲ್ದಾಣಗಳ ಸುತ್ತಲಿನ 100 ಚದರ ಕಿಲೋಮೀಟರಿನಲ್ಲಿ ಅವರೆಲ್ಲರೂ ನಿಲ್ದಾಣಕ್ಕೆ ನಡೆದುಹೋಗುವ ದೂರದಲ್ಲಿ ನೆಲೆಸಬಹುದು. ಅದೇ ಹತ್ತು ಲಕ್ಷ ಜನ ಬಿಡಿಬಿಡಿಯಾಗಿ ಹರಡಿದರೆ 400 ಚದರ ಕಿಲೋಮೀಟರ್ ನೆಲ ಬೇಕು, ಆ ನೆಲಕ್ಕೆಲ್ಲ ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ತಂತಿ, ರಸ್ತೆ ಎಳೆಯಬೇಕು, ಎಳೆದದ್ದನ್ನು ವರ್ಷ ವರ್ಷವೂ ದುರಸ್ತಿ ಮಾಡುತ್ತಿರಬೇಕು.

ಇಷ್ಟು ಬೆಲೆಬಾಳುವ ವೃತ್ತದ ನಟ್ಟನಡುವಿನ ನೆಲವನ್ನು ಬಹುತೇಕ ಕಡೆ ಕಾರು ನಿಲ್ಲಿಸಲು ಕೊಟ್ಟಿರುತ್ತಾರೆ. ಓಡಾಡುವ ಜಾಗವೂ ಸೇರಿ ಒಂದು ಕಾರಿಗೆ ಸುಮಾರು 25ರಿಂದ 30 ಚದರ ಮೀಟರ್ ಬೇಕಾಗುವುದರಿಂದ ಸಾವಿರ ಕಾರಿಗೆ ಮೂರು ಹೆಕ್ಟೇರಿನಷ್ಟು ನೆಲ ಹೋಗುತ್ತದೆ. ಆ ಸಾವಿರ ಕಾರುಗಳು ಸಾವಿರ ಪ್ರಯಾಣಿಕರನ್ನು ರೈಲಿಗೆ ತರುತ್ತವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಊರಿನ ಕೊನೆಯ ನಿಲ್ದಾಣಗಳಲ್ಲಿ ಅದು ಬೇಕಾಗಲೂಬಹುದು. ಆದರೆ ಬೆಳಿಗ್ಗೆ ಎಂಟಕ್ಕೆ ಕಾರು ನಿಲುಗಡೆ ತುಂಬಿದರೆ ಹತ್ತು ಗಂಟೆಗೆ ಬರುವವರಿಗೆ ರೈಲೇ ಇಲ್ಲದಂತಾಗುತ್ತದೆ, ಸಂಜೆಯವರೆಗೆ ಆ ನೆಲದಿಂದ ಇನ್ನೊಬ್ಬ ಪ್ರಯಾಣಿಕನೂ ಬರುವುದಿಲ್ಲ. ಅದೇ ಜಾಗದಲ್ಲಿ ಮನೆ, ಕಚೇರಿ, ಚಿಕಿತ್ಸಾಲಯ, ಕಾಲೇಜು ಬಂದರೆ ಅಲ್ಲಿಂದ ಹೊರಡುವವರೂ ಅಲ್ಲಿಗೆ ಬರುವವರೂ ದಿನವಿಡೀ ಎರಡೂ ದಿಕ್ಕಿನ ರೈಲುಗಳನ್ನು ಬಳಸುತ್ತಾರೆ.

ಇಲ್ಲಿ ರೈಲಿನ ವೇಳಾಪಟ್ಟಿಯ ಮಾತು ಬರುತ್ತದೆ. ನನ್ನ ಮಟ್ಟಿಗೆ ಹಳಿಗಿಂತಲೂ ಮುಖ್ಯವಾದದ್ದು ಇದೇ. ನಾನು ಓಡಾಡುತ್ತಿದ್ದ ಮಾರ್ಗದಲ್ಲಿ ಬೆಳಿಗ್ಗೆ ಪೇಟೆಯ ಕಡೆಗೆ ನಾಲ್ಕು ರೈಲು, ಸಂಜೆ ಹಿಂದಕ್ಕೆ ನಾಲ್ಕು. ನಡುಹಗಲಿನಲ್ಲಿ ಏನೂ ಇರಲಿಲ್ಲ. ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ ಅಮ್ಮನಿಗೆ ಹುಷಾರಿಲ್ಲವೆಂದು ಮನೆಯಿಂದ ಕರೆ ಬಂತು. ನಿಲ್ದಾಣಕ್ಕೆ ಹೋಗಿ ಪ್ರಯೋಜನವಿರಲಿಲ್ಲ, ಮೂರು ಬಸ್ಸು ಬದಲಿಸಿ ಮನೆ ಸೇರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಅಮ್ಮ ಚೇತರಿಸಿಕೊಂಡರು. ಆದರೆ ಅಂದಿನಿಂದ ವಾರಕ್ಕೆ ಎರಡು ಮೂರು ದಿನ ದ್ವಿಚಕ್ರ ವಾಹನದಲ್ಲೇ ಹೊರಡತೊಡಗಿದೆ. ಮಕ್ಕಳನ್ನು ಶಾಲೆಯಿಂದ ಕರೆತರಬೇಕಾದ, ಪಾಳಿಯಲ್ಲಿ ದುಡಿಯುವ ನನ್ನ ಸಹೋದ್ಯೋಗಿಗಳು ಎಂದೋ ರೈಲು ಬಿಟ್ಟಿದ್ದರು. ಹೀಗೆ ಪ್ರಯಾಣಿಕರು ಕಳಚಿಕೊಂಡ ಮೇಲೆ, ಜನ ಕಡಿಮೆ ಎಂಬ ಕಾರಣಕ್ಕೆ ರೈಲು ಹೆಚ್ಚಿಸಲಾಗದು ಎಂಬ ಉತ್ತರ ನಮಗೆ ಸಿಗುತ್ತಿತ್ತು.

ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪ್ರಾಂತದ ಮತದಾರರು 1981ರಲ್ಲಿ ಉಪನಗರ ರೈಲಿನ ಖರ್ಚಿಗೆ ಒಪ್ಪಿಗೆ ಕೊಟ್ಟರು, 1990ರಲ್ಲಿ ಆ ಜಾಲ ಓಡತೊಡಗಿತು. ನಗರದ ಅಡಿಯಲ್ಲಿ ಸುರಂಗ ಕೊರೆದದ್ದು ನಿಜ. ಅದಕ್ಕಿಂತ ನನ್ನ ಗಮನ ಸೆಳೆದದ್ದು, ಬೆಳಿಗ್ಗೆಯಿಂದ ರಾತ್ರಿಯವರೆಗೆ ಒಂದೇ ಅಂತರದಲ್ಲಿ, ಗಂಟೆ ಗಂಟೆಗೂ ಅದೇ ನಿಮಿಷಕ್ಕೆ ರೈಲು ಹೊರಡುವಂತೆ ರೂಪಿಸಿದ ವೇಳಾಪಟ್ಟಿ, ಮತ್ತು ರೈಲು, ಟ್ರಾಮ್, ಬಸ್ಸು ಎಲ್ಲಕ್ಕೂ ನಡೆಯುವ ಒಂದೇ ಟಿಕೆಟ್. ಇನ್ನು ಆಸ್ಟ್ರೇಲಿಯಾದ ಪರ್ತ್ ನಗರವಂತೂ ಬಹಳ ವಿರಳವಾಗಿ ಹರಡಿರುವ ಊರು. ಅಲ್ಲಿ 2007ರಲ್ಲಿ ಸುಮಾರು 70 ಕಿಲೋಮೀಟರ್ ಉದ್ದದ ಮಂಡುರಾ ಮಾರ್ಗವನ್ನು ತೆರೆದರು, ಅದರ ಒಂದು ದೊಡ್ಡ ಭಾಗವನ್ನು ಹೆದ್ದಾರಿಯ ನಡುವಿನ ಜಾಗದಲ್ಲೇ ಹಾಕಿದ್ದಾರೆ. ನಿಲ್ದಾಣಗಳು ಕಡಿಮೆ, ವೇಗ ಹೆಚ್ಚು, ಬಡಾವಣೆಗಳಿಂದ ಹೊರಡುವ ಬಸ್ಸುಗಳು ನೇರ ನಿಲ್ದಾಣದೊಳಕ್ಕೇ ಬಂದು ರೈಲಿನ ಸಮಯಕ್ಕೆ ಹೊಂದಿಕೊಳ್ಳುತ್ತವೆ. ಜನಸಾಂದ್ರತೆ ಸಾಲದು ಎಂಬ ಒಂದೇ ಕಾರಣಕ್ಕೆ ಕೈಕಟ್ಟಿ ಕೂರಬೇಕಿಲ್ಲ ಎನ್ನಲು ಈ ಉದಾಹರಣೆ ಸಾಕು. ಅಗಲವಾದ ರಸ್ತೆಯನ್ನು ಬಯಸುವವರು ಒಂದು ಅಂಶವನ್ನು ಪರಿಶೀಲಿಸಬೇಕು: ಹೆದ್ದಾರಿಯ ಒಂದು ಪಥದಲ್ಲಿ ಗಂಟೆಗೆ ಹೆಚ್ಚೆಂದರೆ ಸುಮಾರು 2,000 ಕಾರು ಸಾಗುತ್ತವೆ, ಸಾವಿರ ಜನರನ್ನು ಹೊತ್ತ ರೈಲು ನಾಲ್ಕು ನಿಮಿಷಕ್ಕೊಂದು ಬಂದರೆ ಒಂದೇ ಹಳಿಯ ಮೇಲೆ ಗಂಟೆಗೆ 15,000 ಜನ ಸಾಗುತ್ತಾರೆ.

ಆದರೂ ರೈಲು ಬಂದಮಾತ್ರಕ್ಕೆ ಹರಡುವಿಕೆ ನಿಲ್ಲುತ್ತದೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಜನ ದಿನದ ಓಡಾಟಕ್ಕೆ ಸರಾಸರಿ ಒಂದು ಗಂಟೆಯ ಆಸುಪಾಸು ಕೊಡುತ್ತಾರೆ, ವೇಗ ಹೆಚ್ಚಿದರೆ ಸಮಯ ಉಳಿಸುವ ಬದಲು ಇನ್ನಷ್ಟು ದೂರ ಹೋಗಿ ನೆಲೆಸುತ್ತಾರೆ ಎಂಬುದನ್ನು 1970ರ ದಶಕದಲ್ಲಿ ಯಾಕೊವ್ ಜಹಾವಿ, ಅನಂತರ ಚೆಸಾರೆ ಮಾರ್ಕೆಟ್ಟಿ ಎಂಬ ಸಂಶೋಧಕರು ವಿವರಿಸಿದ್ದಾರೆ. ವೇಗದ ರೈಲಿಗೂ ಈ ಮಾತು ಅನ್ವಯಿಸುತ್ತದೆ. ನಿಲ್ದಾಣದ ಪಕ್ಕದಲ್ಲಿ ಮನೆ ಕಟ್ಟಲು ಬಿಡದಿದ್ದರೆ ರೈಲು ಜನರನ್ನು ಇನ್ನೂ ಆಚೆಗೆ ಕೊಂಡೊಯ್ಯುವ ಸಾಧನವಾಗುತ್ತದೆ, ಅಷ್ಟೆ.

ಹಾಗೆ ಕಟ್ಟಲು ಬಿಡುವುದು ಸುಲಭವಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2021ರಲ್ಲಿ ಒಂದು ಕಾನೂನು ತಂದು, ಬಾಸ್ಟನ್ ಸುತ್ತಲಿನ ರೈಲು ಸಾರಿಗೆಯ ವ್ಯಾಪ್ತಿಗೆ ಬರುವ 177 ಊರುಗಳು ತಂತಮ್ಮ ಗಡಿಯೊಳಗೆ ಎಕರೆಗೆ ಕನಿಷ್ಠ 15 ಮನೆಗಳಂತೆ ಬಹುಕುಟುಂಬ ಕಟ್ಟಡಗಳಿಗೆ ಅವಕಾಶವಿರುವ ವಲಯ ಗುರುತಿಸಬೇಕು, ನಿಲ್ದಾಣವಿರುವ ಊರುಗಳಲ್ಲಿ ಅದು ನಿಲ್ದಾಣದ ಹತ್ತಿರವೇ ಇರಬೇಕು ಎಂದು ವಿಧಿಸಿತು. ಮಿಲ್ಟನ್ ಎಂಬ ಊರಿನ ಮತದಾರರು ಆ ಕಾನೂನಿನಂತೆ ತಮ್ಮ ಊರಿಗೆ ರೂಪಿಸಿದ್ದ ವಲಯದ ಯೋಜನೆಯನ್ನು 2024ರಲ್ಲಿ ತಿರಸ್ಕರಿಸಿದರು. ವಿಷಯ ರಾಜ್ಯದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಿ, 2025ರ ಜನವರಿಯಲ್ಲಿ ಕಾನೂನು ಸಂವಿಧಾನಬದ್ಧವೆಂದು ತೀರ್ಪಾಯಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತವೂ 2023ರಲ್ಲಿ ಕ್ಷಿಪ್ರ ಸಾರಿಗೆಯ ನಿಲ್ದಾಣಗಳ ಸುತ್ತ 800 ಮೀಟರಿನವರೆಗೆ ಇಂಥದೇ ನಿಯಮ ಮಾಡಿತು. ವಿರೋಧಿಸಿದ ನಿವಾಸಿಗಳನ್ನು ಸ್ವಾರ್ಥಿಗಳೆಂದು ಜರೆಯಲು ನನಗೆ ಮನಸ್ಸಿಲ್ಲ. ನೀರು ಸಾಲುವುದೇ, ಚರಂಡಿ ಉಕ್ಕುವುದೇ, ಶಾಲೆಯಲ್ಲಿ ಮಕ್ಕಳಿಗೆ ಜಾಗವಿರುವುದೇ ಎಂಬ ಅವರ ಪ್ರಶ್ನೆಗಳು ನ್ಯಾಯವಾದವು, ಮಹಡಿಗಳಿಗೆ ಅನುಮತಿ ಕೊಡುವ ಮೊದಲೇ ಅವಕ್ಕೆ ಉತ್ತರ ಸಿಗಬೇಕು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಪ್ರಶ್ನೆ. ಹಳಿ ಬರುವ ಸುದ್ದಿ ಹಬ್ಬಿದ ದಿನದಿಂದಲೇ ನೆಲದ ಬೆಲೆ ಏರುತ್ತದೆ. ರೈಲು ಬರುವಷ್ಟರಲ್ಲಿ ನಿಲ್ದಾಣದ ಪಕ್ಕ ಬಾಡಿಗೆಗಿದ್ದವರು, ವಾಹನವಿಲ್ಲದವರು, ರೈಲು ಎಲ್ಲರಿಗಿಂತ ಹೆಚ್ಚಾಗಿ ಬೇಕಾದವರು ಬಾಡಿಗೆ ತಾಳಲಾರದೆ ಹೊರಟುಹೋಗಿರುತ್ತಾರೆ, ಅವರ ಜಾಗಕ್ಕೆ ಎರಡು ಕಾರಿರುವ ಕುಟುಂಬಗಳು ಬಂದಿರುತ್ತವೆ. ಆದ್ದರಿಂದ ಮಾರ್ಗವನ್ನು ಪ್ರಕಟಿಸುವ ಮೊದಲೇ ನಿಲ್ದಾಣದ ವೃತ್ತದಲ್ಲಿರುವ ಸರ್ಕಾರಿ ನೆಲವನ್ನು ಮಾರಾಟ ಮಾಡದೆ ಕಾದಿರಿಸಬೇಕು, ಅದರಲ್ಲಿ ಕೈಗೆಟಕುವ ಬಾಡಿಗೆಯ ಮನೆಗಳಿಗೆ ಪಾಲು ನಿಗದಿಪಡಿಸಬೇಕು, ಉಳಿದ ನೆಲದ ಗುತ್ತಿಗೆಯಿಂದ ಬರುವ ಹಣ ರೈಲು ನಡೆಸುವ ಖರ್ಚಿಗೆ ಸಲ್ಲಬೇಕು.

ಯಾವುದೇ ಮಹಾನಗರದಲ್ಲಿ ಉಪನಗರ ರೈಲಿನ ಪ್ರಸ್ತಾವ ಜನರ ಮುಂದೆ ಬಂದಾಗ ಅದರ ಜೊತೆಗೆ ಹಳಿಯ ನಕ್ಷೆಯೊಂದೇ ಇದ್ದರೆ ಸಾಲದು. ಪ್ರತಿಯೊಂದು ನಿಲ್ದಾಣಕ್ಕೂ 800 ಮೀಟರಿನ ವೃತ್ತದ ನಕ್ಷೆಯನ್ನು ಪ್ರಕಟಿಸಬೇಕೆಂದು ಯೋಜನಾ ಪ್ರಾಧಿಕಾರಗಳನ್ನು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ: ಅದರೊಳಗಿನ ಯಾವ ನೆಲ ಯಾರ ಒಡೆತನದಲ್ಲಿದೆ, ಅಲ್ಲಿ ಇಂದು ಎಷ್ಟು ಮಹಡಿಗೆ ಅನುಮತಿ ಇದೆ, ನಡೆದು ಬರಲು ಪಾದಚಾರಿ ಮಾರ್ಗ ಎಲ್ಲಿಂದ ಎಲ್ಲಿಯವರೆಗಿದೆ, ಮತ್ತು ಮಧ್ಯಾಹ್ನ ಹನ್ನೆರಡು ಗಂಟೆಗೆ ಆ ನಿಲ್ದಾಣಕ್ಕೆ ಬಂದವರು ಮುಂದಿನ ರೈಲಿಗೆ ಎಷ್ಟು ನಿಮಿಷ ಕಾಯಬೇಕು ಎಂಬುದು ಅದರಲ್ಲಿರಲಿ.

ಇತಿ,
ದಿನನಿತ್ಯದ ರೈಲು ಪ್ರಯಾಣಿಕ