ಮೋಡ ಕಂಡು ಹಿಂದಿರುಗುವ ಪೈಲಟ್

ಮಾನ್ಯ ಸಂಪಾದಕರೇ,

ಅಮೆರಿಕದ ಅಲಾಸ್ಕಾ ರಾಜ್ಯದ ನಿರ್ಜನ ಪ್ರದೇಶಗಳಿಗೆ ಹಾರುವ ಪುಟ್ಟ ವಿಮಾನಗಳ ಬಗ್ಗೆ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಆದರೆ ಆ ವಿಮಾನಗಳನ್ನು ಸಾಹಸಿಗಳ ಆಟಿಕೆಯೆಂಬಂತೆ, ಪೈಲಟ್‌ಗಳನ್ನು ಸಾವಿಗಂಜದ ವೀರರೆಂಬಂತೆ ಚಿತ್ರಿಸಿರುವುದಕ್ಕೆ, ವಿಮಾನಗಳ ದುರಸ್ತಿಯಲ್ಲೇ ವೃತ್ತಿಜೀವನ ಕಳೆದ ನನ್ನ ಆಕ್ಷೇಪವಿದೆ.

ಅಲ್ಲಿನ ಶೇ 80ರಷ್ಟು ಊರುಗಳಿಗೆ ರಸ್ತೆ ಸಂಪರ್ಕವಿಲ್ಲ. ನಮ್ಮ ಹಳ್ಳಿಗಳಿಗೆ ಬೆಳಗಿನ ಕೆಂಪು ಬಸ್ಸು ಹೇಗೋ ಅಲ್ಲಿನವರಿಗೆ ಈ ವಿಮಾನ ಹಾಗೆ; ಅಂಚೆ, ದಿನಸಿ, ಔಷಧಿ, ಹೆರಿಗೆಗೆ ಹೊರಟ ಬಸುರಿ ಎಲ್ಲವೂ ಅದರಲ್ಲೇ ಸಾಗಬೇಕು. 1947ರಲ್ಲಿ ಮೊದಲು ಹಾರಿದ ಕೆನಡಾದ 'ಬೀವರ್' ಇಂಥ ದುಡಿಮೆಗೆಂದೇ ಹುಟ್ಟಿದ್ದು. 450 ಅಶ್ವಶಕ್ತಿಯ ಎಂಜಿನ್ನಿನ ಈ ವಿಮಾನಕ್ಕೆ ಬೇಸಿಗೆಯಲ್ಲಿ ನೀರಿಗಿಳಿಯುವ ತೇಲುಗಾಲು, ಚಳಿಗಾಲದಲ್ಲಿ ಹಿಮದ ಮೇಲೆ ಜಾರುವ ಸ್ಕೀ ಜೋಡಿಸುತ್ತಾರೆ. ಹಾರುತ್ತಿರುವಾಗಲೇ ಎಂಜಿನ್ನಿಗೆ ಕೀಲೆಣ್ಣೆ ತುಂಬಲು ಕಾಕ್‌ಪಿಟ್ಟಿನೊಳಗೇ ಬಾಯಿ ಇಟ್ಟಿದ್ದಾರೆ! ತಯಾರಿಕೆ 1967ರಲ್ಲಿ ನಿಂತರೂ ಅವು ಇಂದಿಗೂ ದುಡಿಯುತ್ತಿವೆ.

ಅಲ್ಲಿ ಜೀವ ತೆಗೆದ ಎಷ್ಟೋ ಅಪಘಾತಗಳಲ್ಲಿ ಯಂತ್ರ ಸರಿಯಾಗಿಯೇ ಇರುತ್ತದೆ. ಕಣ್ಣಳತೆಯನ್ನೇ ನಂಬಿ ಕಣಿವೆಯಲ್ಲಿ ಸಾಗುವ ಪೈಲಟ್, ಇನ್ನೊಂದಿಷ್ಟು ಮುಂದೆ ಹೋದರೆ ತೆರವಾದೀತೆಂದು ಮೋಡದೊಳಗೆ ನುಗ್ಗಿ ಬೆಟ್ಟಕ್ಕೆ ಬಡಿಯುತ್ತಾನೆ. 1924ರಲ್ಲಿ ಫೇರ್‌ಬ್ಯಾಂಕ್ಸ್‌ನಿಂದ ಮೆಕ್‌ಗ್ರಾತ್‌ಗೆ ಮೂರು ಗಂಟೆಯೊಳಗೆ ವಿಮಾನದಲ್ಲಿ ಅಂಚೆ ಮುಟ್ಟಿಸಿ ಹೆಸರಾದ ಅಲಾಸ್ಕಾದ ಪೈಲಟ್ ಕಾರ್ಲ್ ಬೆನ್ ಐಯಲ್‌ಸನ್ ಕೂಡ 1929ರಲ್ಲಿ ಸೈಬೀರಿಯಾದ ಹಿಮಗಾಳಿಯಲ್ಲೇ ಪ್ರಾಣ ಬಿಟ್ಟರು.

ಪರಿಹಾರದ ಒಂದು ಭಾಗ ತೀರಾ ಸರಳವಾದ ಸಾಧನದಿಂದ ಬಂತು. ಅಮೆರಿಕದ ವಿಮಾನಯಾನ ಆಡಳಿತ 1999ರಿಂದ ಅಲಾಸ್ಕಾದ ಕಣಿವೆದಾರಿ, ಏರ್‌ಸ್ಟ್ರಿಪ್‌ಗಳಲ್ಲಿ ಹವಾಮಾನ ಕ್ಯಾಮೆರಾ ನೆಡುತ್ತ ಬಂದಿದೆ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಬರುವ ಚಿತ್ರದ ಪಕ್ಕದಲ್ಲೇ, ಅದೇ ಜಾಗ ತಿಳಿಯಾದ ದಿನ ಹೇಗೆ ಕಾಣುತ್ತದೆಂಬ ಚಿತ್ರವೂ ಇರುತ್ತದೆ. ಅದರಲ್ಲಿ ಯಾವ ಗುಡ್ಡ ಎಷ್ಟು ಮೈಲಿ ದೂರವೆಂದು ಗುರುತು ಮಾಡಿರುವುದರಿಂದ, ಇಂದು ಆ ಗುಡ್ಡ ಮರೆಯಾಗಿದ್ದರೆ ಕಣ್ಣಿನ ನೋಟ ಎಲ್ಲಿಯವರೆಗೆ ಸಾಗೀತೆಂಬುದು ಹೊರಡುವ ಮೊದಲೇ ತಿಳಿದುಬಿಡುತ್ತದೆ. ನನ್ನ ಮಟ್ಟಿಗೆ ಬೀವರ್‌ನಷ್ಟೇ ಮೆಚ್ಚತಕ್ಕ ಎಂಜಿನಿಯರಿಂಗ್ ಇದು.

ಆ ಎರಡು ಚಿತ್ರಗಳನ್ನು ಹೋಲಿಸಿ ನೋಡಿ, ಪ್ರಯಾಣಿಕರ ಗೊಣಗಾಟಕ್ಕೂ ಮಣಿಯದೆ, ವಿಮಾನವನ್ನು ಕಟ್ಟಿಹಾಕಿ ಕಾಫಿ ಕುಡಿಯುತ್ತ ಕುಳಿತ ಪೈಲಟ್‌ನ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ.

ಇತಿ,
ನಿವೃತ್ತ ವಿಮಾನ ತಂತ್ರಜ್ಞ, ಬೆಂಗಳೂರು