ಟ್ರಾನ್ಸ್‌ಫಾರ್ಮರ್ ಬದಲಿಸಿ ನಮ್ಮ ಸೋಲಾರ್ ಅರ್ಜಿಗಳನ್ನು ಪಾಸು ಮಾಡುವ ಬಗ್ಗೆ ಮನವಿ

ಇವರಿಗೆ: ಸಹಾಯಕ ಎಂಜಿನಿಯರ್, ವಿದ್ಯುತ್ ಸೆಕ್ಷನ್ ಕಚೇರಿ
ಇವರಿಂದ: ಮಂಜೇಶ್ವರ ತಾಲೂಕಿನ ನಮ್ಮ ವಾರ್ಡಿನ ನಿವಾಸಿಗಳು

ಮಾನ್ಯರೇ,

ಇದು ನಮ್ಮ ಐದನೇ ಮನವಿ. ಮೊದಲ ನಾಲ್ಕು ನಿಮ್ಮ ಕಪಾಟಿನಲ್ಲಿರಬೇಕು, ಗೆದ್ದಲು ತಿಂದಿರದಿದ್ದರೆ.

ಮನೆ ಮೇಲೆ ಸೋಲಾರ್ ಹಾಕಿಸಲು ಹನ್ನೊಂದು ಮನೆಯವರು ಅರ್ಜಿ ಕೊಟ್ಟೆವು. ಎರಡು ಪಾಸಾದವು. ಉಳಿದವರಿಗೆ "ಟ್ರಾನ್ಸ್‌ಫಾರ್ಮರಿನಲ್ಲಿ ಜಾಗ ಇಲ್ಲ" ಎಂದಿರಿ. ಪೇಟೆಯ ಕಲ್ಯಾಣ ಮಂಟಪದ ದೊಡ್ಡ ಸೋಲಾರಿಗೆ ಅದೇ ಟ್ರಾನ್ಸ್‌ಫಾರ್ಮರಿನಲ್ಲಿ ಜಾಗ ಸಿಕ್ಕಿತಲ್ಲ? ಜಾಗ ಸಾಲದಿದ್ದರೆ ದೊಡ್ಡದು ಹಾಕಬೇಕಾದವರು ಯಾರು, ನಾವಾ?

ಪಾಸಾದ ಇಬ್ಬರ ಪಾಡೂ ಕೇಳಿ. ನೆತ್ತಿ ಸುಡುವ ಮಧ್ಯಾಹ್ನ ಲೈನಿನ ವೋಲ್ಟೇಜ್ ಏರಿ, ಸೋಲಾರ್ ಕರೆಂಟನ್ನು ನಿಮ್ಮ ಲೈನಿಗೆ ಸೇರಿಸುವ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ. ಕರೆಂಟ್ ಹೋದರೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮ್ಯಾನಿಗೆ ಶಾಕ್ ಹೊಡೆಯಬಾರದೆಂದು ಹಾಗೆ ಮಾಡಿರುವುದು, ಅದು ಸರಿಯೇ. ಆದರೆ ದಿನಕ್ಕೆ ನಾಲ್ಕು ಸಲ ಕರೆಂಟ್ ತೆಗೆದರೆ ಬಿಸಿಲಿದ್ದೂ ಏನು ಬಂತು? ಸಂಜೆಗೆ ವೋಲ್ಟೇಜ್ ಬಿದ್ದು ತೋಟದ ಪಂಪ್ ಗುಂಯ್ ಅನ್ನುತ್ತದೆ, ನೀರಿಲ್ಲ. ಅಡಿಕೆ ಮರ ನಿಮ್ಮ ಹಾಗೆ ಕಾಯುವುದಿಲ್ಲ.

ಮೊದಲ ಮನವಿ ಕೊಟ್ಟಾಗ ಎಂಜಿನಿಯರ್ ರಜೆ. ಎರಡನೆಯದಕ್ಕೆ ರಶೀದಿ ಬಂತು, ಉತ್ತರ ಬರಲಿಲ್ಲ. ಮೂರನೆಯದನ್ನು "ಮಲಯಾಳದಲ್ಲಿ ಬರೆದು ತನ್ನಿ" ಎಂದು ಕೌಂಟರಿನಲ್ಲೇ ವಾಪಸ್ ಮಾಡಿದಿರಿ. ಕನ್ನಡದಲ್ಲಿ ಬರೆಯುವ ಹಕ್ಕನ್ನು ಕಾಸರಗೋಡಿನವರಿಗೆ 1969ರ ಅಧಿಕೃತ ಭಾಷಾ ಕಾಯ್ದೆಯೇ ಕೊಟ್ಟಿದೆ. ನಾಲ್ಕನೆಯದಕ್ಕೆ ಒಬ್ಬರು ಬಂದು ಕಂಬದ ಫೋಟೋ ತೆಗೆದು ಹೋದರು. ಫೋಟೋ ಚೆನ್ನಾಗಿ ಬಂದಿರಬಹುದು.

ನಮ್ಮದೇ ತಾಲೂಕಿನ ಪೈವಳಿಕೆಯಲ್ಲಿ 50 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಕೊಚ್ಚಿ ವಿಮಾನ ನಿಲ್ದಾಣ 2015ರಲ್ಲೇ ಪೂರ್ತಿ ಸೋಲಾರಿಗೆ ಬಂತು. ದೇಶದ ಸೋಲಾರ್ ಸಾಮರ್ಥ್ಯ 2025ರ ಜನವರಿಯಲ್ಲಿ 100 ಗಿಗಾವ್ಯಾಟ್ ದಾಟಿತು. ನಮ್ಮದು, ಪಾಸಾದ ಎರಡು ಮನೆ ಸೇರಿ 6 ಕಿಲೋವ್ಯಾಟ್. ಬಿಸಿಲಿನ ದಿನ ಒಂದು ಕಿಲೋವ್ಯಾಟಿಗೆ ಸುಮಾರು 4 ಯೂನಿಟ್ ಬರುತ್ತದೆ. ಉಳಿದ ಒಂಬತ್ತು ಮನೆಯವರು ತಲಾ 3 ಕಿಲೋವ್ಯಾಟ್ ಹಾಕಿದರೆ ದಿನಕ್ಕೆ ನೂರು ಯೂನಿಟ್ ನಿಮ್ಮ ಲೈನಿಗೇ ಅಲ್ವಾ? ಕೇಂದ್ರ ಸರ್ಕಾರದ ಸೂರ್ಯಘರ್ ಯೋಜನೆಯಲ್ಲಿ ಒಂದೊಂದು ಮನೆಗೆ 78,000 ರೂಪಾಯಿ ಸಬ್ಸಿಡಿ ಇದೆ. ಯೋಜನೆ ಇರುವುದು 2026-27ರವರೆಗೆ ಮಾತ್ರ. ತಪ್ಪಿದರೆ ಆ ದುಡ್ಡು ಯಾರು ತುಂಬಿಸಿ ಕೊಡುತ್ತಾರೆ?

ಶಾಲೆಯ ಗೇಟಿನ ಬಳಿ ಕಂಬ ವಾಲಿದೆ. ಹಲಸಿನ ಕೊಂಬೆ ತಂತಿಗೆ ತಾಗುತ್ತಿದೆ. ಬಸ್ ಸ್ಟಾಪಿನ ಸೋಲಾರ್ ದೀಪದ ಬ್ಯಾಟರಿ ಸತ್ತಿದೆ. ಪಂಚಾಯತಿನವರು ನಿಮ್ಮನ್ನು ತೋರಿಸುತ್ತಾರೆ, ನೀವು ಪಂಚಾಯತನ್ನು. ಮಕ್ಕಳು ಸುಮ್ನೆ ಕತ್ತಲೆಯಲ್ಲಿ ನಡೆಯುತ್ತಾರೆ.

ದೊಡ್ಡ ಟ್ರಾನ್ಸ್‌ಫಾರ್ಮರ್ ಯಾವ ತಿಂಗಳು ಬರುತ್ತದೆ ಎಂದು ಹದಿನೈದು ದಿನದೊಳಗೆ ತಿಳಿಸಿ. ಬರಹದಲ್ಲಿ, ಕನ್ನಡದಲ್ಲಿ. ಈ ಸಲ ಫೋಟೋ ಬೇಡ.

ವಂದನೆಗಳೊಂದಿಗೆ,
ವಾರ್ಡಿನ ನಿವಾಸಿಗಳು
(ಸಹಿಗಳು ಹಿಂಬದಿಯಲ್ಲಿ)