ಮುನ್ನಡೆ ಕಾಯುವುದನ್ನು ಯಾರು ಕಲಿಸಬೇಕು?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಬೆಂಗಳೂರು ಎಫ್‌ಸಿ ಇಂಡಿಯನ್ ಸೂಪರ್ ಲೀಗ್ ಫೈನಲ್‌ನಲ್ಲಿ ಮೂರು ಸಲ ಸೋತಿದೆ: 2018, 2023, 2025. ಮೂರೂ ಸಲ ಒಂದು ಹಂತದಲ್ಲಿ ನಮ್ಮ ತಂಡವೇ ಮುಂದಿತ್ತು. 2018ರ ಮಾರ್ಚ್ 17ರಂದು ಕಂಠೀರವ ಕ್ರೀಡಾಂಗಣದಲ್ಲಿ ಚೆನ್ನೈಯಿನ್ ವಿರುದ್ಧ 9ನೇ ನಿಮಿಷಕ್ಕೇ ಸುನಿಲ್ ಛೆಟ್ರಿ ಗೋಲು ಹೊಡೆದಿದ್ದರು, ಕೊನೆಗೆ 2–3. 2023ರಲ್ಲಿ ಮಡಗಾಂವ್‌ನಲ್ಲಿ 78ನೇ ನಿಮಿಷಕ್ಕೆ 2–1 ಮುಂದಿದ್ದು, 85ನೇ ನಿಮಿಷಕ್ಕೆ ಸಮವಾಗಿ, ಶೂಟೌಟ್‌ನಲ್ಲಿ ಕಪ್ ಹೋಯಿತು. 2025ರ ಏಪ್ರಿಲ್ 12ರಂದು ಕೋಲ್ಕತ್ತಾದಲ್ಲಿ 1–0 ಇದ್ದದ್ದು ಹೆಚ್ಚುವರಿ ಸಮಯದಲ್ಲಿ 1–2 ಆಯಿತು. ಪ್ರತಿ ಸಲವೂ ಮರುದಿನ ರೆಫರಿಯ ಮೇಲೆ, ದುರದೃಷ್ಟದ ಮೇಲೆ ಮಾತು ಹರಿಯಿತು. ಗೋಲು ಹೇಗೆ ಬಂತು ಎಂದು ಕೇಳಿದವರು ಕಡಿಮೆ.

ಆ ಮೂರು ಪಂದ್ಯಗಳಲ್ಲಿ ಶೂಟೌಟ್ ಬಿಟ್ಟು ನಮ್ಮ ತಂಡಕ್ಕೆ ಆದ ಗೋಲು ಒಟ್ಟು ಏಳು. 2018ರ ಎರಡು ಗೋಲು ಕಾರ್ನರ್‌ನಿಂದ (ಮೈದಾನದ ಮೂಲೆಯಿಂದ ಹೊಡೆಯುವ ಹೊಡೆತ), ಎರಡೂ ಒಬ್ಬನದೇ ತಲೆಯಿಂದ: ಚೆನ್ನೈಯಿನ್‌ನ ಸ್ಟಾಪರ್ ಬ್ಯಾಕ್, ಅಂದರೆ ನಡುವಿನ ಡಿಫೆಂಡರ್, ಮೈಲ್ಸನ್ ಆಲ್ವೆಸ್, 17ನೇ ಮತ್ತು 45ನೇ ನಿಮಿಷ. 2023ರ ಎರಡೂ ಗೋಲು ಪೆನಾಲ್ಟಿ. 2025ರ ಮೊದಲ ಗೋಲೂ ಪೆನಾಲ್ಟಿ, ಗೋಲಿನ ಮುಂದಿನ ದೊಡ್ಡ ಬಾಕ್ಸಿನೊಳಗೆ ಡಿಫೆಂಡರನ ಕೈಗೆ ಚೆಂಡು ತಗುಲಿದ್ದಕ್ಕೆ. ಏಳರಲ್ಲಿ ಐದು ಗೋಲು ನಿಂತ ಚೆಂಡಿನಿಂದ ಬಂದವು. ಎದುರಾಳಿ ಹತ್ತು ಪಾಸು ಕೊಟ್ಟು ನಮ್ಮ ಡಿಫೆನ್ಸನ್ನು ಸೀಳಿ ಹೊಡೆದವಲ್ಲ. ಮೈದಾನದಲ್ಲಿ ಚಾಕ್ ಎಳೆದು, ನಿಲ್ಲಿಸಿ, ಮತ್ತೆ ಮತ್ತೆ ಮಾಡಿಸಿ ತಿದ್ದಬಹುದಾದ ತಪ್ಪು ಇವು. ನಮ್ಮ ನೋವು ಇರುವುದೇ ಇಲ್ಲಿ.

ಮೂರು ಫೈನಲ್‌ಗೆ ಮೂವರು ಬೇರೆ ಬೇರೆ ಕೋಚ್: ರೋಕಾ, ಗ್ರೇಸನ್, ಸರಗೋಸಾ. ಕೋಚ್ ಬದಲಾದರೂ ರೋಗ ಬದಲಾಗಲಿಲ್ಲ. ಆದ್ದರಿಂದ ಒಬ್ಬರ ಹೆಸರು ಹಿಡಿದು ಬೈಯುವುದರಲ್ಲಿ ಅರ್ಥವಿಲ್ಲ. ಕಾರ್ನರ್‌ನ ಬೆಲೆ ಈ ಕ್ಲಬ್ಬಿಗೆ ಗೊತ್ತಿಲ್ಲವೆಂದೂ ಹೇಳುವಂತಿಲ್ಲ. 2019ರಲ್ಲಿ ಮುಂಬೈಯಲ್ಲಿ ಗೋವಾ ವಿರುದ್ಧ ಗೆದ್ದ ಏಕೈಕ ಐಎಸ್‌ಎಲ್ ಕಪ್ ಬಂದದ್ದೇ ಕಾರ್ನರ್‌ನಿಂದ, 117ನೇ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ. ಹೊಡೆಯಲು ಬರುತ್ತದೆ, ತಡೆಯಲು ಬರುವುದಿಲ್ಲ ಎಂದರೆ ಅಭ್ಯಾಸದ ಹೊತ್ತು ಎಲ್ಲಿ ಖರ್ಚಾಗುತ್ತಿದೆ ಎಂದು ಕೇಳಲೇಬೇಕು.

ಬೆಳಗಾವಿಯವರು ಇದನ್ನು ಏಕೆ ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಕು? ಬೆಂಗಳೂರು ನಮಗೆ 500 ಕಿ.ಮೀ. ದೂರ, ಮಡಗಾಂವ್ ಅದರ ಮೂರನೇ ಒಂದು ಭಾಗದಷ್ಟು. ಗಡಿಯಾಚೆ ಗೋವಾದ ಫುಟ್‌ಬಾಲ್ ಹುಚ್ಚು, ಊರೊಳಗೆ ಕ್ಯಾಂಪಿನ ಮರಾಠಾ ರೆಜಿಮೆಂಟ್‌ನ ಆಟದ ಸಂಪ್ರದಾಯ, ಇವೆರಡರ ನಡುವೆ ಬೆಳೆದ ಊರು ಇದು. ಟಿವಿಯಲ್ಲಿ ದೊಡ್ಡ ತಂಡ ಮಾಡಿದ್ದನ್ನು ಲೇಲೆ ಮೈದಾನದ ಹುಡುಗರು ಮರುದಿನವೇ ಮಾಡುತ್ತಾರೆ, ತಪ್ಪನ್ನೂ ಸೇರಿಸಿ. ಶಾಲಾ ಪಂದ್ಯಗಳನ್ನು ನೋಡುವವರಿಗೆ ಗೊತ್ತು, ಅಲ್ಲಿನ ಗೋಲುಗಳೂ ಹೆಚ್ಚಾಗಿ ಹೀಗೇ ಬರುತ್ತವೆ.

ಕಾರ್ನರ್ ಹೊತ್ತಿನಲ್ಲಿ ನಮ್ಮ ಹುಡುಗರು ಹೇಗೆ ನಿಲ್ಲುತ್ತಾರೆ ನೋಡಿ. ಎಂಟು ಜನ ಗೋಲಿನ ಬಾಯಿಯಲ್ಲಿ ಗುಂಪಾಗಿ, ಅಂಗಾಲು ನೆಲಕ್ಕೆ ಅಂಟಿಸಿ, ಕಣ್ಣು ಚೆಂಡಿನ ಮೇಲೆ ಮಾತ್ರ. ಹಿಂದಿನಿಂದ ಐದಾರು ಹೆಜ್ಜೆ ಓಡಿ ಬಂದು ಜಿಗಿಯುವವನಿಗೂ ನಿಂತಲ್ಲಿಂದ ಜಿಗಿಯುವವನಿಗೂ ಎತ್ತರದಲ್ಲಿ ವ್ಯತ್ಯಾಸ ಬೀಳುತ್ತದೆ. ಬ್ಯಾಕ್ ಕುಳ್ಳನಾದದ್ದರಿಂದ ಗೋಲಾಯಿತು ಎಂಬ ಮಾತು ಅರ್ಧ ಸುಳ್ಳು. ಓಡಿ ಬರುವವನ ಓಟವನ್ನು ಯಾರೂ ಮುರಿಯಲಿಲ್ಲ, ಅದಕ್ಕೇ ಗೋಲಾಯಿತು.

ನಿಲ್ಲಿಸುವ ಕ್ರಮ ಕಷ್ಟದ್ದೇನಲ್ಲ. ಗೋಲಿನ ಮುಂದಿನ ಚಿಕ್ಕ ಚೌಕದ ಗೆರೆ ಗೋಲ್‌ಲೈನಿನಿಂದ 5.5 ಮೀಟರ್ ದೂರ ಇರುತ್ತದೆ. ತಲೆಯಲ್ಲಿ ಚೆನ್ನಾಗಿ ಆಡುವ ಮೂವರನ್ನು ಆ ಗೆರೆಯ ಮೇಲೆ ನಿಲ್ಲಿಸಬೇಕು: ಹತ್ತಿರದ ಕಂಬದ ನೇರಕ್ಕೆ ಒಬ್ಬ, ನಡುವೆ ಒಬ್ಬ, ದೂರದ ಕಂಬದ ನೇರಕ್ಕೆ ಒಬ್ಬ. ಇವರು ಆಳನ್ನು ಹಿಡಿಯುವುದಿಲ್ಲ, ಜಾಗ ಕಾಯುತ್ತಾರೆ. ಹತ್ತಿರದ ಕಂಬದ ಮುಂದೆ, ಕಾರ್ನರ್ ಬರುವ ದಿಕ್ಕಿಗೆ ಎರಡು ಮೂರು ಹೆಜ್ಜೆ ಆಚೆ ನಾಲ್ಕನೆಯವನು. ಕೆಳಗೆ ಹಾರಿ ಬರುವ ಚೆಂಡು ಅವನದು. ಮುಂದಿನ ಮೂವರು ತಡೆಗಾರರು. ಎದುರಾಳಿಯ ಮೂವರು ಎತ್ತರದವರನ್ನು ಪೆನಾಲ್ಟಿ ಚುಕ್ಕೆಯ ಆಸುಪಾಸಿನಲ್ಲೇ, ಓಟ ಕಟ್ಟುವ ಮುಂಚೆ, ಎದೆ ಅಡ್ಡ ಕೊಟ್ಟು ನಿಧಾನಗೊಳಿಸುವುದು ಇವರ ಕೆಲಸ. ಅಂಗಿ ಹಿಡಿಯುವಂತಿಲ್ಲ, ಮೈ ಮಾತ್ರ. ಅರ್ಧ ತಿರುಗಿ ನಿಂತರೆ ಆಳೂ ಕಾಣುತ್ತಾನೆ, ಚೆಂಡೂ ಕಾಣುತ್ತದೆ. ಇಬ್ಬರು ದೊಡ್ಡ ಬಾಕ್ಸಿನ ಅಂಚಿನಲ್ಲಿ, ಹೊರಬಿದ್ದ ಚೆಂಡಿಗೆ. ಒಬ್ಬ ಮೇಲೆ, ಮಧ್ಯಗೆರೆಯ ಹತ್ತಿರ. ಅವನು ಅಲ್ಲಿ ನಿಂತರೆ ಎದುರಾಳಿ ಇಬ್ಬರನ್ನು ಹಿಂದೆ ಬಿಡಬೇಕಾಗುತ್ತದೆ. ಗೋಲಿಯನ್ನು (ಗೋಲ್‌ಕೀಪರ್) ಬಿಟ್ಟು ಹತ್ತೂ ಜನರ ಲೆಕ್ಕ ಆಯಿತು. ಎದುರಾಳಿ ಶಾರ್ಟ್ ಕಾರ್ನರ್ ಆಡಿದರೆ, ಅಂದರೆ ಮೂಲೆಯಿಂದ ಹತ್ತಿರದವನಿಗೇ ಪಾಸು ಕೊಟ್ಟರೆ, ಅಂಚಿನ ಇಬ್ಬರಲ್ಲಿ ಒಬ್ಬ ಹೊರಗೆ ಹೋಗುತ್ತಾನೆ. ಯಾರು ಎಂಬುದು ಪಂದ್ಯಕ್ಕೆ ಮುಂಚೆಯೇ ಗೊತ್ತಿರಬೇಕು.

ಚೆಂಡು ಹೊರಗೆ ಬಂದ ಮೇಲಿನ ಎರಡು ಸೆಕೆಂಡಿನಲ್ಲಿ ಇನ್ನೊಂದು ತಪ್ಪು ಆಗುತ್ತದೆ. ತಲೆಯಿಂದ ಹೊಡೆದ ಚೆಂಡು ಎತ್ತರವಾಗಿ, ಉದ್ದವಾಗಿ, ಬದಿಗೆ ಹೋಗಬೇಕು. ನೇರ ಮುಂದಕ್ಕೆ ಬಿದ್ದರೆ ಬಾಕ್ಸಿನ ಅಂಚಿನಲ್ಲಿ ಕಾಯುತ್ತಿರುವವನ ಕಾಲಿಗೆ ಕೊಟ್ಟ ಹಾಗೆ. ಹೊಡೆದ ಕೂಡಲೇ ಎಲ್ಲರೂ ದೊಡ್ಡ ಬಾಕ್ಸಿನ ಅಂಚಾದ 16.5 ಮೀಟರ್ ಗೆರೆಯವರೆಗೆ ಓಡಿ ಹೊರಬರಬೇಕು. ಕಾರ್ನರ್ ಹೊಡೆತದಿಂದ ನೇರವಾಗಿ ಚೆಂಡು ಪಡೆದವನಿಗೆ ಆಫ್‌ಸೈಡ್ (ಎದುರು ತಂಡದ ಕೊನೆಯ ಬ್ಯಾಕ್‌ಗಿಂತ ಮುಂದೆ ನಿಂತು ಚೆಂಡು ಪಡೆಯುವ ತಪ್ಪು) ಇಲ್ಲ, ಅದರ ನಂತರದ ಪಾಸಿಗೆ ಇದೆ. ಒಬ್ಬನೇ ಒಬ್ಬ ಕಂಬದ ಹತ್ತಿರ ಉಳಿದುಬಿಟ್ಟರೆ ಅಲ್ಲಿರುವ ಎದುರಾಳಿಗಳೆಲ್ಲ ಆನ್‌ಸೈಡ್. "ಹೊರಗ ಬರ್ರೋ" ಎಂದು ಕೂಗುವವನು ಗೋಲಿಯೇ ಆಗಬೇಕು, ಎಲ್ಲವೂ ಅವನ ಕಣ್ಣ ಮುಂದೆಯೇ ಇರುತ್ತದೆ. ನಮ್ಮೂರಿನಲ್ಲಿ ಇದಕ್ಕೊಂದು ತೊಡಕೂ ಉಂಟು. ಒಂದೇ ತಂಡದಲ್ಲಿ ಕನ್ನಡ, ಮರಾಠಿ, ಉರ್ದು, ಕೊಂಕಣಿ ಮಾತಾಡುವ ಹುಡುಗರು. ಒತ್ತಡದಲ್ಲಿ ಪ್ರತಿಯೊಬ್ಬನೂ ತನ್ನ ಮನೆಮಾತಿನಲ್ಲಿ ಕೂಗುತ್ತಾನೆ. ಗೋಲಿ ಬರುತ್ತೇನೆ ಎನ್ನಲು ಒಂದು ಪದ, ನೀವೇ ಹೊಡೆಯಿರಿ ಎನ್ನಲು ಒಂದು ಪದ, ಹೊರಬನ್ನಿ ಎನ್ನಲು ಒಂದು ಪದ. ಯಾವ ಭಾಷೆಯದಾದರೂ ಸರಿ, ಮೂರೇ ಪದ ಗೊತ್ತುಮಾಡಿ ಅಭ್ಯಾಸದಲ್ಲೂ ಅವನ್ನೇ ಕೂಗಿಸಬೇಕು.

ಪೆನಾಲ್ಟಿಯ ವಿಷಯಕ್ಕೆ ಬಂದರೆ, ನಿಯಮವನ್ನು ಹುಡುಗರಿಗೆ ಓದಿ ಹೇಳುವ ಕೋಚ್‌ಗಳೇ ಕಡಿಮೆ. ಕೈಗೆ ತಗುಲಿದ್ದೆಲ್ಲ ಹ್ಯಾಂಡ್‌ಬಾಲ್ ಅಲ್ಲ. ಬೇಕೆಂದೇ ಮುಟ್ಟಿದರೆ, ಇಲ್ಲವೇ ದೇಹದ ಸಹಜ ಚಲನೆಗೆ ಹೊಂದದಂತೆ ಕೈ ಚಾಚಿ ಮೈಯನ್ನು ಅಗಲ ಮಾಡಿಕೊಂಡಿದ್ದರೆ ತಪ್ಪು. ಕಂಕುಳಿನ ಕೆಳಗಿನ ಮಟ್ಟದವರೆಗೆ ಭುಜ, ಅಲ್ಲಿಂದ ಕೆಳಗೆ ಕೈ. ಡಿಫೆಂಡರ್ ಹಾರುವಾಗ ಕೈ ಮೇಲೇಳುವುದು ಸಹಜ, ಆದರೆ ಚೆಂಡಿಗೆ ಬೆನ್ನು ತಿರುಗಿಸಿ ಹಾರಿದಾಗ ಅವು ಎಲ್ಲಿವೆ ಎಂದು ಅವನಿಗೇ ತಿಳಿಯುವುದಿಲ್ಲ. ಮೊದಲು ಬಿಡಿಸಬೇಕಾದದ್ದು ಈ ಬೆನ್ನು ತಿರುಗಿಸುವ ಚಾಳಿಯನ್ನು. ಓಡುವಾಗಲೂ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರೆ ಸಮತೋಲ ಹೋಗುತ್ತದೆ. ಹೊಡೆತ ಬರುವ ಕ್ಷಣಕ್ಕೆ ಮಾತ್ರ ಕೈಗಳನ್ನು ಮೈಗೆ ಸೇರಿಸಿಕೊಂಡರೆ ಸಾಕು.

ಬಾಕ್ಸಿನೊಳಗೆ ಜಾರಿ ಟ್ಯಾಕಲ್ ಮಾಡುವುದು ಕೊನೆಯ ಉಪಾಯ. ಎದುರಾಳಿಯಿಂದ ಒಂದೂವರೆ ಮೀಟರ್ ಬಿಟ್ಟು, ಮಂಡಿ ಬಗ್ಗಿಸಿ, ಒಂದು ಕಾಲು ಮುಂದೆ ಒಂದು ಹಿಂದೆ ಇಟ್ಟು ಓರೆಯಾಗಿ ನಿಂತು, ಅವನನ್ನು ಗೋಲ್‌ಲೈನಿನ ಕಡೆಗೆ ದಬ್ಬುತ್ತ ಹೋಗಬೇಕು. ಅಲ್ಲಿ ಕೋನ ಕಿರಿದಾಗುತ್ತದೆ, ಅವನ ಒಳ್ಳೆಯ ಕಾಲು ಕೆಲಸಕ್ಕೆ ಬರುವುದಿಲ್ಲ. ಇದನ್ನು ಕಲಿಸಲು ದುಬಾರಿ ಸಾಮಾನು ಬೇಡ. ಡಿಫೆಂಡರನ ಎರಡೂ ಕೈಯಲ್ಲಿ ಒಂದೊಂದು ಟೆನಿಸ್ ಚೆಂಡು ಕೊಟ್ಟು ಬಾಕ್ಸಿನೊಳಗೆ ಇಬ್ಬರಿಗೆ ಇಬ್ಬರನ್ನು ಆಡಿಸಿ. ಕೈಯಲ್ಲಿ ಚೆಂಡಿದ್ದರೆ ಅಂಗಿ ಹಿಡಿಯಲು ಆಗುವುದಿಲ್ಲ, ಕಾಲಿನಿಂದಲೇ ಜಾಗ ಮುಚ್ಚಬೇಕಾಗುತ್ತದೆ. 45 ಸೆಕೆಂಡಿನ ಆಟ, 90 ಸೆಕೆಂಡ್ ವಿಶ್ರಾಂತಿ, ಆರು ಸಲ. ಅದಕ್ಕಿಂತ ಹೆಚ್ಚು ಮಾಡಿಸಿದರೆ ಕಾಲು ಸೋತು, ಬಿಡಿಸಬೇಕೆಂದ ತಪ್ಪೇ ಗಟ್ಟಿಯಾಗುತ್ತದೆ.

ಇನ್ನು ಮುನ್ನಡೆ ಕಾಯುವ ಮಾತು. 2025ರ ಸೆಮಿಫೈನಲ್‌ನಲ್ಲಿ ಗೋವಾ ವಿರುದ್ಧ ಎರಡು ಪಂದ್ಯ, ಎರಡರ ಗೋಲುಗಳನ್ನೂ ಕೂಡಿ ಲೆಕ್ಕ. ಮೊದಲ ಪಂದ್ಯವನ್ನು ಬೆಂಗಳೂರು 2–0 ಗೆದ್ದಿತ್ತು. ಮಡಗಾಂವ್‌ನ ಎರಡನೇ ಪಂದ್ಯದಲ್ಲಿ 88ನೇ ನಿಮಿಷಕ್ಕೆ ಗೋವಾ ಲೆಕ್ಕ ಸಮ ಮಾಡಿತು. 90 ನಿಮಿಷ ದಾಟಿದ ಮೇಲೆ ಛೆಟ್ರಿ ತಲೆಯಿಂದ ಹೊಡೆದ ಗೋಲು ತಂಡವನ್ನು ಉಳಿಸಿತು. ನಲವತ್ತು ವರ್ಷ ಮುಟ್ಟಿದ ಮುಂಚೂಣಿ ಆಟಗಾರನೇ ಡಿಫೆನ್ಸಿನ ಸಾಲ ತೀರಿಸಬೇಕಾಗಿ ಬಂದದ್ದು ತಂಡಕ್ಕೆ ಎಚ್ಚರಿಕೆಯ ಗಂಟೆಯಾಗಬೇಕಿತ್ತು. ಆರು ದಿನಕ್ಕೆ ಫೈನಲ್‌ನಲ್ಲಿ ಅದೇ ಕಥೆ.

ಮುಂದಿರುವ ತಂಡ ಹಿಂದೆ ಸರಿಯುವುದು ಹೆದರಿಕೆಯಿಂದ. ಬ್ಯಾಕ್‌ಗಳು ಬಾಕ್ಸಿನ ಗೆರೆಗೆ ಬಂದು ನಿಲ್ಲುತ್ತಾರೆ, ಮಧ್ಯದವರಿಗೆ ಅಷ್ಟು ಹಿಂದೆ ಬರಲು ಮನಸ್ಸಿರುವುದಿಲ್ಲ, ಮುಂದಿನವನು ಮಧ್ಯಗೆರೆಯಲ್ಲಿ ಒಂಟಿ. ಹೊಡೆದು ಕಳಿಸಿದ ಚೆಂಡನ್ನು ಹಿಡಿದಿಡುವವರಿಲ್ಲ, ಹತ್ತು ಸೆಕೆಂಡಿಗೆ ಅದು ಮರಳಿ ಬರುತ್ತದೆ. ಬಾಕ್ಸಿನ ಬಾಯಿಗೆ ಚೆಂಡು ಎಷ್ಟು ಸಲ ಬರುತ್ತದೋ ಕೈಗೆ ತಗುಲುವ, ಕಾಲು ಅಡ್ಡ ಬೀಳುವ ಅಪಾಯ ಅಷ್ಟು ಹೆಚ್ಚು. ಕೋಚ್ ಅರಿಗೊ ಸಾಕ್ಕಿಯವರ ಇಟಲಿಯ ಮಿಲಾನ್ ತಂಡ 1989, 1990ರಲ್ಲಿ ಸತತ ಎರಡು ಯುರೋಪಿಯನ್ ಕಪ್ ಗೆದ್ದಾಗ ಕೊನೆಯ ಬ್ಯಾಕ್‌ನಿಂದ ಮುಂದಿನ ಫಾರ್ವರ್ಡ್‌ವರೆಗೆ ಸುಮಾರು 25 ಮೀಟರ್‌ಗಿಂತ ಹೆಚ್ಚು ಅಂತರ ಇರಬಾರದೆಂಬ ಶಿಸ್ತು ಇತ್ತು. ನಮ್ಮವರು 35 ಮೀಟರ್‌ನೊಳಗೆ ಇದ್ದರೂ ಸಾಕು. ಸೂತ್ರ ಸರಳ: ಚೆಂಡು ಹಿಡಿದವನ ಮೇಲೆ ನಮ್ಮವನ ಒತ್ತಡ ಇದ್ದರೆ ಇಡೀ ಸಾಲು ಮುಂದೆ, ಅವನು ತಲೆಯೆತ್ತಿ ನೋಡುವಷ್ಟು ಬಿಡುವಾಗಿದ್ದರೆ ಸಾಲು ನಾಲ್ಕೈದು ಹೆಜ್ಜೆ ಹಿಂದೆ. ಇದನ್ನು ಬೋರ್ಡಿನ ಮೇಲೆ ಬರೆದು ಕಲಿಸಲಾಗದು. ಅಭ್ಯಾಸ ಪಂದ್ಯವನ್ನು 75ನೇ ನಿಮಿಷ, 1–0 ಎಂದು ಹೇಳಿಯೇ ಶುರುಮಾಡಿ 15 ನಿಮಿಷ ಆಡಿಸಬೇಕು. ಒಮ್ಮೆ ಹನ್ನೊಂದು ಜನ, ಇನ್ನೊಮ್ಮೆ ಹತ್ತು ಜನ. ಬದಲಿ ಆಟಗಾರರನ್ನು ಇಳಿಸುವುದನ್ನೂ ಅಲ್ಲೇ ರೂಢಿ ಮಾಡಬೇಕು. ಕಾರ್ನರ್ ಎದುರಿಸುವ ಕ್ಷಣದಲ್ಲಿ ಬ್ಯಾಕ್ ಒಬ್ಬನನ್ನು ಹೊರಗೆ ಕರೆದರೆ, ಒಳಗೆ ಬಂದವನಿಗೆ ತನ್ನ ಜಾಗ ಹುಡುಕುವಷ್ಟರಲ್ಲಿ ಚೆಂಡು ಬಂದಿರುತ್ತದೆ.

ಬೆಳಗಾವಿಯ ಕೋಚ್‌ಗಳಿಗೆ ಒಂದು ವಿಶೇಷ ಮನವಿ. ಸಂಜೆ ದೀಪದ ಬೆಳಕಿನಲ್ಲಿ ಕೃತಕ ಹುಲ್ಲುಹಾಸಿನ ಟರ್ಫ್‌ಗಳಲ್ಲಿ ಐವರು, ಏಳು ಮಂದಿ ಆಡುವ ಆಟ ಹೆಚ್ಚಾಗಿದೆ. ಕಾಲಿನ ಚಳಕಕ್ಕೆ ಅದು ಒಳ್ಳೆಯದೇ. ಆದರೆ ಅಲ್ಲಿ 30 ಮೀಟರ್‌ನಿಂದ ಬರುವ ಕ್ರಾಸ್ ಇಲ್ಲ, ತಲೆಯ ಎತ್ತರದ ಕಾರ್ನರ್ ಇಲ್ಲ. ಅಲ್ಲೇ ಬೆಳೆದ ಹುಡುಗ ದೊಡ್ಡ ಮೈದಾನಕ್ಕೆ ಬಂದಾಗ ಗಾಳಿಯಲ್ಲಿರುವ ಚೆಂಡು ಎಲ್ಲಿ ಬೀಳುತ್ತದೆಂದು ಅಂದಾಜು ಸಿಗದೆ ಒದ್ದಾಡುತ್ತಾನೆ. ವಾರಕ್ಕೆ ಒಂದು ದಿನವಾದರೂ ಪೂರ್ಣ ಮೈದಾನ ಬೇಕು. ನಮ್ಮ ಕೆಂಪು ನೆಲ ಬೇಸಿಗೆಯಲ್ಲಿ ಗಟ್ಟಿ, ಚೆಂಡು ಪುಟಿದು ಬ್ಯಾಕ್‌ನ ತಲೆ ಮೇಲೆ ಹಾರುತ್ತದೆ; ಮಳೆಗಾಲದಲ್ಲಿ ಅದೇ ಚೆಂಡು ಜಾರಿ ಕಾಲ ಕೆಳಗೆ ನುಗ್ಗುತ್ತದೆ. ಒಣ ನೆಲದಲ್ಲಿ ಚೆಂಡು ನೆಲಕ್ಕೆ ಬೀಳುವ ಮುಂಚೆ ಹೊಡೆಯಬೇಕು, ಕೆಸರಿನಲ್ಲಿ ಗೋಲಿಗೆ ಬ್ಯಾಕ್‌ಪಾಸ್ ಕೊಡಲೇಬಾರದು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ತಲೆಯಲ್ಲಿ ಆಡುವ ಅಭ್ಯಾಸ ಬೇಡ. ಇಂಗ್ಲೆಂಡಿನಲ್ಲಿ ಚಿಕ್ಕ ಮಕ್ಕಳ ಪಂದ್ಯಗಳಲ್ಲಿ ಹೆಡರ್ ಅನ್ನು 2024ರಿಂದ ಹಂತಹಂತವಾಗಿ ಕೈಬಿಡತೊಡಗಿದರು. ನಮ್ಮ ಚಿಕ್ಕವರಿಗೆ ಸದ್ಯಕ್ಕೆ ನಿಲ್ಲುವ ಜಾಗ, ಮೈ ತಿರುಗಿಸುವ ರೀತಿ ಕಲಿಸಿದರೆ ಸಾಕು.

ಕೊನೆಯದಾಗಿ ತಮ್ಮ ಪತ್ರಿಕೆಯ ಕ್ರೀಡಾ ವಿಭಾಗಕ್ಕೆ ಒಂದು ಕೋರಿಕೆ. ಸ್ಥಳೀಯ ಪಂದ್ಯದ ವರದಿಯಲ್ಲಿ ಗೋಲು ಹೊಡೆದವನ ಹೆಸರಿನ ಜೊತೆಗೆ ಅದು ಕಾರ್ನರ್‌ನಿಂದ ಬಂತೋ, ಪೆನಾಲ್ಟಿಯೋ, ಆಟದ ನಡುವೆ ಬಂತೋ ಎಂದು ಒಂದು ಪದ ಸೇರಿಸಿ, ನಿಮಿಷವನ್ನೂ ಹಾಕಿ. ಒಂದು ಹಂಗಾಮು ಹೀಗೆ ಅಚ್ಚಾದರೆ, ಯಾವ ತಂಡ ಎಲ್ಲಿ ಸೋರುತ್ತಿದೆ ಎಂಬುದು ಕೋಚ್‌ಗೂ ಪಾಲಕರಿಗೂ ಪತ್ರಿಕೆ ತೆರೆದರೆ ಕಾಣುತ್ತದೆ.

ಇತಿ ತಮ್ಮ ವಿಶ್ವಾಸಿ,
ಫುಟ್‌ಬಾಲ್ ಅಭಿಮಾನಿ
ಟಿಳಕವಾಡಿ, ಬೆಳಗಾವಿ